ಬೆಲ್ಟ್ ಗ್ರೈಂಡರ್ ತರೋಣ, ಆದರೆ ಲಿಸ್ಟ್ ತಿರುಗಿಸಿ ಬರೆಯೋಣ

ಕಳೆದ ತಿಂಗಳು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಲಿಸ್ಟ್ ಓಡಾಡಿತು. ಮೆಕ್ಯಾನಿಕಲ್ ಆರನೇ ಸೆಮ್‌ನ ನಾವು ಐದು ಜನ ಸೇರಿ ಬರೆದದ್ದು. ಮಿನಿ ಪ್ರಾಜೆಕ್ಟ್‌ಗೆ ಚಾಕು, ಕುಡುಗೋಲು ಮಾಡೋಣ, ಅದಕ್ಕೆ ವರ್ಕ್‌ಶಾಪಿಗೆ ಒಂದು ಬೆಲ್ಟ್ ಗ್ರೈಂಡರ್ ಬರಲಿ ಅನ್ನೋದು ಐಡಿಯಾ. ಮೊದಲ ಸಾಲಿನಲ್ಲಿ ಗ್ರೈಂಡರ್. ಅದರ ಕೆಳಗೆ ಸಾಲಾಗಿ ಒಂಬತ್ತು ಅಟ್ಯಾಚ್‌ಮೆಂಟ್: ಪ್ಲೇಟನ್, ಮೂರು ಸೈಜಿನ ಕಾಂಟ್ಯಾಕ್ಟ್ ವೀಲ್, ಸ್ಮಾಲ್ ವೀಲ್ ಸೆಟ್, ರೋಟರಿ ಪ್ಲೇಟನ್, ಸರ್ಫೇಸ್ ಗ್ರೈಂಡಿಂಗ್ ಅಟ್ಯಾಚ್‌ಮೆಂಟ್, ಬೆವೆಲ್ ಜಿಗ್, ಟೂಲ್ ರೆಸ್ಟ್. ಕಟ್ಟಕಡೆಗೆ, ಹಾಳೆಯಲ್ಲಿ ಜಾಗ ಉಳಿದಿತ್ತು ಅಂತ, ‘ಮಾಸ್ಕ್ – 1 ಬಾಕ್ಸ್’.

ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಲಿಸ್ಟನ್ನು ಮೇಲಿಂದ ಕೆಳಗೆ ಓದಿದರು. ಕೇಳಿದ್ದು ಒಂದೇ ಪ್ರಶ್ನೆ: ‘ಧೂಳು ಎಲ್ಲಿಗೆ ಹೋಗುತ್ತಪ್ಪಾ?’

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆ ಕ್ಯಾಂಟೀನಿನಲ್ಲಿ ಕೂತು ಜಗಳ ಆಡಿದೆವು, ಲೆಕ್ಕ ಹಾಕಿದೆವು, ಮತ್ತೆ ಜಗಳ ಆಡಿದೆವು. ಕೊನೆಗೆ ಐದೂ ಜನ ಒಪ್ಪಿದ ಮಾತು ಇದು: ಆ ಲಿಸ್ಟನ್ನು ತಲೆಕೆಳಗು ಮಾಡಬೇಕು. ಮೊದಲು ಧೂಳಿನ ವ್ಯವಸ್ಥೆ, ಆಮೇಲೆ ಮೋಟಾರ್ ಮತ್ತು ಸ್ಪೀಡ್ ಕಂಟ್ರೋಲ್, ಅದಾದ ಮೇಲೆ ಗಟ್ಟಿ ಫ್ರೇಮು, ಕೊನೆಗೆ ಎರಡೇ ಎರಡು ಅಟ್ಯಾಚ್‌ಮೆಂಟ್. ಉಳಿದದ್ದನ್ನು ನಮ್ಮ ಲೇತಿನಲ್ಲೇ ಮಾಡಿಕೊಳ್ಳಬಹುದು. ಯಾಕೆ ಅಂತ ಹೇಳ್ತೀವಿ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು, ಚಾಕು ಯಾಕೆ ಅನ್ನುವವರಿಗೆ ಒಂದು ಮಾತು. ‘ಕೆಜಿಎಫ್’ ಸಿನಿಮಾ ಬಂದಮೇಲೆ ನಾವು ಈ ಕಡೆಯವರು ಅಂದರೆ ಸಾಕು, ಎದುರಿನವರ ತಲೆಯಲ್ಲಿ ಸುತ್ತಿಗೆ, ಮಚ್ಚು, ಸ್ಲೋ ಮೋಷನ್. ನಮ್ಮ ತಲೆಯಲ್ಲಿ ಇದ್ದದ್ದು ಬೇರೆ. ಬಂಗಾರಪೇಟೆ ಸುತ್ತಮುತ್ತ ಹುಲ್ಲು ಕೊಯ್ಯದ ಮನೆ ಕಡಿಮೆ, ಹಸು ಇರೋ ಕಡೆ ಕುಡುಗೋಲು ಇದ್ದೇ ಇರುತ್ತೆ. ರೇಷ್ಮೆ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸೋ ಚಾಕು ಬೇಕು. ನಮ್ಮೂರಿನ ಬಿಳಿ ನೀರಿನ ಪಾನಿಪೂರಿ ತಿನ್ನೋಕೆ ಬೆಂಗಳೂರಿನಿಂದ ಜನ ಬರ್ತಾರೆ, ಆ ಗಾಡಿಗಳ ಹಿಂದೆ ದಿನವಿಡೀ ಈರುಳ್ಳಿ ಹೆಚ್ಚೋ ಕೈಗಳಿವೆ. ಅಜ್ಜಿಯಂದಿರ ಈಳಿಗೆ ಮಣೆ ಇನ್ನೂ ಇದೆ, ಅದಕ್ಕೆ ಸಾಣೆ ಹಿಡಿಯೋರು ಇಲ್ಲ. ಸೈಕಲ್ಲಿನ ಮೇಲೆ ಕಲ್ಲಿನ ಚಕ್ರ ಕಟ್ಟಿಕೊಂಡು ‘ಸಾಣೇ...’ ಅಂತ ಕೂಗುತ್ತ ಬರುತ್ತಿದ್ದವರನ್ನು ನಾವು ಚಿಕ್ಕವರಿದ್ದಾಗ ನೋಡಿದ್ದೇವೆ, ಈಗ ನೋಡಿಲ್ಲ.

ಇನ್ನೊಂದು ಮಜಾ. ಇಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತವೆ. ತಮಿಳು, ತೆಲುಗಿನ ಮನೆಯಲ್ಲಿ ‘ಕತ್ತಿ’ ಅಂದರೆ ಅಡುಗೆಮನೆ ಚಾಕು ತಂದುಕೊಡ್ತಾರೆ. ನಮಗೆ ‘ಕತ್ತಿ’ ಅಂದರೆ ಕುದುರೆ, ಯುದ್ಧ ನೆನಪಾಗುತ್ತೆ. ಆದರೆ ಕನ್ನಡದಲ್ಲಿ ಚಾಕು, ಚೂರಿ, ಮಚ್ಚು, ಕುಡುಗೋಲು, ಈಳಿಗೆ ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದು ಕೆಲಸ ಇದೆ. ಯಾವ ಅಟ್ಯಾಚ್‌ಮೆಂಟ್ ಬೇಕು ಅನ್ನೋ ಪ್ರಶ್ನೆಗೆ ಉತ್ತರ ಶುರುವಾಗೋದೇ ಈ ಆಕಾರಗಳಿಂದ. ವಿಡಿಯೋ ನೋಡಿ ಅಟ್ಯಾಚ್‌ಮೆಂಟ್ ಆರಿಸೋದು ಅಂದರೆ ಊಟಕ್ಕಿಲ್ಲದ ಉಪ್ಪಿನಕಾಯಿಗೆ ಮೊದಲು ಭರಣಿ ಕೊಂಡ ಹಾಗೆ.

ಈಗ ಯಂತ್ರ. ಬೆಲ್ಟ್ ಗ್ರೈಂಡರ್ ಅಂದರೆ ಹಳೆಯ ಸಾಣೆಕಲ್ಲಿನ ಮೊಮ್ಮಗ. ಕಲ್ಲಿನ ಬದಲು ಉಜ್ಜುಕಾಗದದ ಉದ್ದನೆಯ ಪಟ್ಟಿ, ಮೂರ್ನಾಲ್ಕು ಚಕ್ರಗಳ ಮೇಲೆ ಸುತ್ತುತ್ತೆ. ಒಂದು ಚಕ್ರಕ್ಕೆ ಮೋಟಾರ್. ಇನ್ನೊಂದು ಚಕ್ರ ಬೆಲ್ಟನ್ನು ಎಳೆದು ಹಿಡಿಯುತ್ತೆ, ಅದೇ ಅದನ್ನು ದಾರಿ ತಪ್ಪದಂತೆಯೂ ನೋಡಿಕೊಳ್ಳುತ್ತೆ. ಈ ಟ್ರ್ಯಾಕಿಂಗ್ ಚಕ್ರದ ಮಧ್ಯಭಾಗ ತುಸು ಉಬ್ಬಿರಬೇಕು, ಬೆಲ್ಟ್ ತಾನಾಗಿ ಎತ್ತರದ ಕಡೆಗೆ ಸರಿಯುತ್ತೆ. ಡಿಸೈನ್ ಆಫ್ ಮಷಿನ್ ಎಲಿಮೆಂಟ್ಸ್ ಪುಸ್ತಕದಲ್ಲಿ ಫ್ಲಾಟ್ ಬೆಲ್ಟ್ ಡ್ರೈವ್ ಓದುವಾಗ ‘ಕ್ರೌನಿಂಗ್’ ಅಂತ ಒಂದು ಸಾಲು ಬರುತ್ತಲ್ಲ, ಅದೇ.

ಸೈಜು ಯಾವುದು? 2 ಇಂಚು ಅಗಲ, 72 ಇಂಚು ಉದ್ದ, ಅಂದರೆ ಸುಮಾರು 50 × 1830 ಮಿ.ಮೀ. ಚಾಕು ಮಾಡುವವರ ಲೋಕದಲ್ಲಿ ಇದೇ ರೂಢಿ, ಹಾಗಾಗಿ ಬೆಲ್ಟ್ ವೈವಿಧ್ಯವೂ ಈ ಸೈಜಿನಲ್ಲೇ ಹೆಚ್ಚು. ಟೇಬಲ್ ಮೇಲೆ ಕೂರುವ 1 ಇಂಚಿನ ಪುಟಾಣಿ ಯಂತ್ರ ಅಗ್ಗಕ್ಕೆ ಸಿಗುತ್ತೆ ನಿಜ, ಸಾಣೆ ಹಿಡಿಯೋಕೆ ಸಾಕು, ಆದರೆ 3 ಮಿ.ಮೀ. ಪಟ್ಟಿಯಿಂದ ಚಾಕು ತೆಗೆಯೋಕೆ ಕೂತರೆ ಸೆಮಿಸ್ಟರ್ ಮುಗಿಯುತ್ತೆ. ಉದ್ದನೆಯ ಬೆಲ್ಟಿನ ಇನ್ನೊಂದು ಲಾಭ: ಪ್ರತಿ ಕಣವೂ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ತಣ್ಣಗಾಗುತ್ತೆ, ಬೆಲ್ಟ್ ಹೆಚ್ಚು ದಿನ ಬಾಳುತ್ತೆ.

ಮುಂದಿನದು ಮೋಟಾರ್. ಎಲ್ಲರೂ ಎಡವುವುದು ಇಲ್ಲಿಯೇ. ಅಮೆರಿಕದವರ ವಿಡಿಯೋ ನೋಡಿ ‘4 ಇಂಚಿನ ಡ್ರೈವ್ ವೀಲ್ ಸಾಕು’ ಅಂತ ನಾವೂ ಬರೆದುಕೊಂಡಿದ್ದೆವು. ಆದರೆ ಅವರದ್ದು 60 ಹರ್ಟ್ಸ್, ಎರಡು ಪೋಲಿನ ಮೋಟಾರ್ ಸುಮಾರು 3450 ಸುತ್ತು ತಿರುಗುತ್ತೆ. ನಮ್ಮದು 50 ಹರ್ಟ್ಸ್, ಅಂಥದೇ ಮೋಟಾರ್ ಇಲ್ಲಿ 2880 ಸುತ್ತು. ಅದೇ ಚಕ್ರಕ್ಕೆ ಅವರಿಗೆ ಸೆಕೆಂಡಿಗೆ 18 ಮೀಟರ್ ದಾಟುವ ಬೆಲ್ಟ್ ವೇಗ ನಮಗೆ 15 ಮೀಟರಿಗೆ ಇಳಿಯುತ್ತೆ. ಪೈ ಡಿ ಎನ್ ಬೈ 60, ಅಷ್ಟೇ ಗುರು. ಮೊದಲ ವರ್ಷದ ಲೆಕ್ಕ. ಮಾಡದೇ ಆರ್ಡರ್ ಹಾಕಿದರೆ ತಪ್ಪು ನಮ್ಮದೇ.

ನಾವು ಲೆಕ್ಕ ಹಾಕಿ ಆರಿಸಿದ್ದು ಹೀಗೆ: 2 ಎಚ್‌ಪಿ, ಅಂದರೆ 1.5 ಕಿಲೋವ್ಯಾಟ್, ಮೂರು ಫೇಸಿನ, ನಾಲ್ಕು ಪೋಲಿನ 1440 ಸುತ್ತಿನ ಮೋಟಾರ್. ಅದಕ್ಕೆ 150 ಮಿ.ಮೀ. ಡ್ರೈವ್ ವೀಲ್. ಇದು 50 ಹರ್ಟ್ಸಿನಲ್ಲಿ ಸೆಕೆಂಡಿಗೆ 11.3 ಮೀಟರ್ ವೇಗ ಕೊಡುತ್ತೆ. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಬೆಲ್ಟ್ ಎಳೆಯುವ ಬಲ 130 ನ್ಯೂಟನ್ನಿಗೆ ಸ್ವಲ್ಪ ಮೇಲೆ. ಎರಡು ಪೋಲಿನ ಮೋಟಾರಿಗೆ 100 ಮಿ.ಮೀ. ಚಕ್ರ ಹಾಕಿದರೆ ವೇಗ 15 ಮೀಟರ್, ಬಲ 100 ನ್ಯೂಟನ್ನಿನ ಆಸುಪಾಸು. ವೇಗ ಇಳಿಸಿ ನಾಜೂಕು ಕೆಲಸ ಮಾಡುವಾಗ ಒತ್ತಿದ ತಕ್ಷಣ ಬೆಲ್ಟ್ ನಿಂತುಹೋಗಬಾರದು ಅಂದರೆ ಈ ಬಲ ಬೇಕು.

ವೇಗ ಏರಿಸಿ ಇಳಿಸೋಕೆ ವಿಎಫ್‌ಡಿ ಬೇಕು. ಇದು ಲಕ್ಷುರಿ ಅಲ್ಲ, ಒಂಬತ್ತು ಅಟ್ಯಾಚ್‌ಮೆಂಟಿಗಿಂತ ಹೆಚ್ಚು ಉಪಯೋಗದ್ದು. ಒರಟು ಕೆಲಸಕ್ಕೆ ಪೂರ್ತಿ ವೇಗ, ಹಿಡಿಯ ಮರ ಉಜ್ಜುವಾಗ ಅಥವಾ ಕೊನೆಯ ಫಿನಿಶಿಂಗಿಗೆ 20 ಹರ್ಟ್ಸ್, ಅಂದರೆ ಸೆಕೆಂಡಿಗೆ ನಾಲ್ಕೂವರೆ ಮೀಟರ್. ಮನೆಯ ಸಿಂಗಲ್ ಫೇಸ್ 230 ವೋಲ್ಟ್ ತೆಗೆದುಕೊಂಡು ಮೂರು ಫೇಸ್ ಕೊಡುವ ಡ್ರೈವ್‌ಗಳು ಸಿಗುತ್ತವೆ. ಆದರೆ ಇಲ್ಲೊಂದು ಕಿವಿಮಾತು: ಅದು ಕೊಡೋದು 230 ವೋಲ್ಟಿನ ಮೂರು ಫೇಸು, 415 ಅಲ್ಲ. ಈ ಸೈಜಿನ ಮೋಟಾರ್‌ಗಳು ಸಾಮಾನ್ಯವಾಗಿ 415ಕ್ಕೆ ಸ್ಟಾರ್ ಕನೆಕ್ಷನ್ನಿನಲ್ಲಿ ಬರುತ್ತವೆ, ನಾವು ಡೆಲ್ಟಾಗೆ ಬದಲಿಸಬೇಕು. ಹಾಗಾಗಿ ಕೊಳ್ಳುವಾಗ ಟರ್ಮಿನಲ್ ಬಾಕ್ಸ್ ತೆರೆಸಿ ಆರು ತುದಿ ಹೊರಗೆ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮೋಟಾರ್ ತಿರುಗುತ್ತೆ, ಆದರೆ ಒತ್ತಿದರೆ ಉಸಿರು ಬಿಡುತ್ತೆ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಶುರುವಾಗದ ಹಾಗೆ ಡ್ರೈವ್ ಸೆಟ್ ಮಾಡೋದೂ ಮುಖ್ಯ. ಕರೆಂಟ್ ಹೇಳದೆ ಹೋಗುತ್ತೆ, ಹೇಳದೆ ಬರುತ್ತೆ. ಶಿವನಸಮುದ್ರದಿಂದ 1902ರಲ್ಲೇ, ಬೆಂಗಳೂರಿಗಿಂತ ಮೊದಲು, ವಿದ್ಯುತ್ ಕಂಡ ನೆಲ ಇದು ಅನ್ನೋ ಹೆಮ್ಮೆ ಬೇರೆ, ಇವತ್ತಿನ ಕರೆಂಟಿನ ಆಟ ಬೇರೆ.

ಫ್ರೇಮಿನ ವಿಷಯದಲ್ಲಿ ನೋಡಬೇಕಾದ್ದು ಒಂದೇ. ಅಟ್ಯಾಚ್‌ಮೆಂಟ್ ಕೂರುವ ತೋಳು, ಅದು ಹೋಗುವ ಚೌಕ ಗೂಡು, ಎರಡೂ ಸಾದಾ ಅಳತೆಯದಾಗಿರಲಿ, ಅಲುಗಾಡದಿರಲಿ. ಗೂಡು ಸರಿಯಿದ್ದರೆ ನಾಳೆ ಯಾವ ಅಟ್ಯಾಚ್‌ಮೆಂಟನ್ನಾದರೂ ನಾವೇ ಮಾಡಿ ತೂರಿಸಬಹುದು. ಕಂಪನಿಗೆ ಮಾತ್ರ ಹೊಂದುವ ವಿಚಿತ್ರ ಅಳತೆ ಇದ್ದರೆ ಜೀವನಪೂರ್ತಿ ಅವರ ಬಾಗಿಲಲ್ಲೇ ನಿಲ್ಲಬೇಕು.

ಈಗ ಬನ್ನಿ ಅಟ್ಯಾಚ್‌ಮೆಂಟಿಗೆ. ಮೊದಲನೆಯದು ಚಪ್ಪಟೆ ಪ್ಲೇಟನ್, ಜೊತೆಗೆ ಟೂಲ್ ರೆಸ್ಟ್. ಬೆಲ್ಟಿನ ಬೆನ್ನಿಗೆ ಆಸರೆಯಾಗಿ ನಿಲ್ಲುವ ಗಟ್ಟಿ ತಗಡು ಇದು. ಅಡುಗೆ ಚಾಕುವಿನ ಹೆಚ್ಚಿನ ಕೆಲಸ ಇದರ ಮೇಲೇ ಮುಗಿಯುತ್ತೆ. ಬರೀ ಮೈಲ್ಡ್ ಸ್ಟೀಲ್ ಆದರೆ ಬೇಗ ಸವೆದು ಹಳ್ಳ ಬೀಳುತ್ತೆ, ಮುಖಕ್ಕೆ ಶಾಖ ತಡೆಯುವ ಸೆರಾಮಿಕ್ ಗಾಜಿನ ಪಟ್ಟಿ ಅಂಟಿಸೋದು ರೂಢಿ. ಟೂಲ್ ರೆಸ್ಟ್ ಮತ್ತು ಬೆಲ್ಟಿನ ನಡುವಿನ ಸಂದು 2 ಮಿ.ಮೀ. ಮೀರಬಾರದು, ಮೀರಿದರೆ ತೆಳ್ಳಗಿನ ಪಟ್ಟಿ ಒಳಗೆ ಎಳೆದುಕೊಂಡು ಹೋಗುತ್ತೆ. ಬೆರಳೂ ತೆಳ್ಳಗೇ ಇರುತ್ತೆ ಅನ್ನೋದು ನೆನಪಿರಲಿ. ಸಡಿಲ ಗ್ಲೌಸ್ ಬೇಡವೇ ಬೇಡ.

ಎರಡನೆಯದು ಒಂದೇ ಒಂದು ದೊಡ್ಡ ಕಾಂಟ್ಯಾಕ್ಟ್ ವೀಲ್, 250 ಮಿ.ಮೀ. ಆಸುಪಾಸಿನದು. ಕುಡುಗೋಲಿನ ಒಳಬಾಗು ಚಪ್ಪಟೆ ಪ್ಲೇಟನ್ ಮೇಲೆ ಕೂರೋದೇ ಇಲ್ಲ, ಅದಕ್ಕೆ ಚಕ್ರವೇ ಬೇಕು. ಒರಟಾಗಿ ಲೋಹ ಕೀಳೋಕೂ ಚಕ್ರ ಬಲು ಚುರುಕು.

ಮೂರು ಸೈಜಿನ ಚಕ್ರ ಯಾಕೆ ಬೇಡ? ಇಲ್ಲೂ ಲೆಕ್ಕವೇ ಮಾತಾಡಲಿ. ಚಕ್ರದ ಮೇಲೆ ಉಜ್ಜಿದರೆ ಚಾಕುವಿನ ಪಕ್ಕೆ ಒಳಗೆ ತಗ್ಗಾಗುತ್ತೆ, ಅದೇ ಹಾಲೋ ಗ್ರೈಂಡ್. ತಗ್ಗಿನ ಆಳ ಹೆಚ್ಚುಕಡಿಮೆ, ಬೆವೆಲ್ ಎತ್ತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದಷ್ಟು. ಬೆವೆಲ್ 25 ಮಿ.ಮೀ. ಎತ್ತರ, ಚಕ್ರ 250 ಮಿ.ಮೀ. ಆದರೆ ಆಳ 0.6 ಮಿ.ಮೀ. ಚಕ್ರ 150 ಆದರೆ 1 ಮಿ.ಮೀ. ದಾಟುತ್ತೆ. 3 ಮಿ.ಮೀ. ಪಟ್ಟಿಯ ಚಾಕುವಿನಲ್ಲಿ ಬೆವೆಲ್‌ನ ನಡುಮಧ್ಯೆ ಉಳಿದಿರುವ ದಪ್ಪ ಒಂದೂವರೆ ಮಿ.ಮೀ. ಎರಡೂ ಕಡೆಯಿಂದ ಒಂದೊಂದು ಮಿ.ಮೀ. ಕೆತ್ತಿದರೆ ಚಾಕು ಇರಲ್ಲ, ಕಿಟಕಿ ಇರುತ್ತೆ. ವಿಡಿಯೋದಲ್ಲಿ ಸಕತ್ತಾಗಿ ಕಾಣುವ ಸಣ್ಣ ಚಕ್ರ ನಮ್ಮ ಈರುಳ್ಳಿ ಚಾಕುವಿಗೆ ಕೆಲಸಕ್ಕೆ ಬಾರದು ಅನ್ನೋದು ಐದು ನಿಮಿಷದಲ್ಲಿ ಗೊತ್ತಾಯಿತು.

‘ಹಾಗಾದರೆ ಸ್ಮಾಲ್ ವೀಲ್ ಇಲ್ಲದೆ ಹಿಡಿಯ ಹತ್ತಿರ ಬೆರಳಿನ ತಗ್ಗು ಹೇಗೆ ತೆಗೀತೀರಿ?’ ಅಂತ ನಮ್ಮಲ್ಲೇ ಒಬ್ಬ ಕೊನೆವರೆಗೂ ಹಟ ಹಿಡಿದ. ನ್ಯಾಯವಾದ ಪ್ರಶ್ನೆ. ಉತ್ತರ: ಅರ್ಧವೃತ್ತದ ಅರ. ಹತ್ತು ಚಾಕು ಮಾಡುವವರೆಗೆ ಅರ ಸಾಕು. ಹನ್ನೊಂದನೆಯದಕ್ಕೆ ಬೇಕು ಅನಿಸಿದರೆ ಎರಡು ಬೇರಿಂಗ್, ಒಂದು ಶಾಫ್ಟ್, ಲೇತಿನಲ್ಲಿ ಒಂದು ಮಧ್ಯಾಹ್ನ. ಬೆವೆಲ್ ಜಿಗ್ಗಿಗೂ ಇದೇ ಮಾತು. ಕೋನ ಹಿಡಿಯೋದು ಕೈ ಕಲಿಯಬೇಕಾದ ವಿದ್ಯೆ. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ, ಕೈ ಪಳಗದೆ ಜಿಗ್ ಇಲ್ಲ ಅಂತ ಅಳೋದು ಬೇಡ. ಎಂಟು ಸೆಮಿಸ್ಟರ್ ಓದಿ, ಒಂದು ಚಕ್ರ ಟರ್ನ್ ಮಾಡಿ ಬ್ಯಾಲೆನ್ಸ್ ಮಾಡೋಕೆ ಬರದೆ ಹೊರಗೆ ಹೋಗೋದು ನಮಗೂ ನಾಚಿಕೆಯೇ. ಇಡೀ ಯಂತ್ರವನ್ನು ರೆಡಿಮೇಡ್ ತಂದರೂ ಅಟ್ಯಾಚ್‌ಮೆಂಟಾದರೂ ನಮ್ಮ ಕೈಯಿಂದ ಬರಲಿ.

ಉಳಿಸಿದ ದುಡ್ಡು ಬೆಲ್ಟಿಗೆ ಹೋಗಲಿ. ಚೆನ್ನೈಯ ಕಾರ್ಬೊರಂಡಮ್ ಯೂನಿವರ್ಸಲ್, ಬೆಂಗಳೂರಿನಲ್ಲೂ ಕಾರ್ಖಾನೆ ಇರುವ ಗ್ರೈಂಡ್‌ವೆಲ್ ನಾರ್ಟನ್, ಎರಡೂ ನಮಗೆ ಹತ್ತಿರದವೇ. 36 ಅಥವಾ 60ರ ಸೆರಾಮಿಕ್ ಬೆಲ್ಟ್ ಒರಟಿಗೆ, 120, 220, 400 ನುಣುಪಿಗೆ. ಸೆರಾಮಿಕ್ ಕಣ ಒತ್ತಡಕ್ಕೆ ಒಡೆದು ಹೊಸ ಮೊನೆ ಬಿಡುತ್ತೆ. ಮೋಟಾರಿಗೆ ಕಸುವು ಇಲ್ಲದಿದ್ದರೆ ಒತ್ತೋಕಾಗಲ್ಲ, ಕಣ ಒಡೆಯಲ್ಲ, ದುಬಾರಿ ಬೆಲ್ಟ್ ಬರೀ ಹೊಳಪು ಕೊಡುತ್ತೆ. ಸವೆದ ಬೆಲ್ಟ್ ಕತ್ತರಿಸಲ್ಲ, ಕಾಯಿಸುತ್ತೆ. ಹದ ಕೊಟ್ಟ ಅಲಗಿನ ತುದಿ ನೀಲಿಗೆ ತಿರುಗಿತು ಅಂದರೆ ಅಲ್ಲಿ ಶಾಖ 300 ಡಿಗ್ರಿ ಹತ್ತಿರ ಹೋಗಿದೆ, ಕಷ್ಟಪಟ್ಟು ತಂದ ಗಡಸುತನ ಇಳಿದುಹೋಗಿದೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಕೈಗೆ ಬಿಸಿ ತಾಗಿದೊಡನೆ ಅಲಗನ್ನು ಅದ್ದಬೇಕು.

ಈಗ ಇನ್‌ಸ್ಟ್ರಕ್ಟರ್ ಪ್ರಶ್ನೆಗೆ ಬರೋಣ. ಧೂಳು ಎಲ್ಲಿಗೆ ಹೋಗುತ್ತೆ?

ನಮ್ಮ ಐದು ಜನರಲ್ಲಿ ಇಬ್ಬರ ತಾತಂದಿರು ಗಣಿಯಲ್ಲಿ ಕೆಲಸ ಮಾಡಿದವರು. ಒಬ್ಬರನ್ನು ನಾವು ನೋಡಿಲ್ಲ. ಇನ್ನೊಬ್ಬರನ್ನು ನೋಡಿದ್ದೇವೆ. ಮೂರು ಮೆಟ್ಟಿಲು ಹತ್ತಿ, ನಿಂತು, ಗೋಡೆ ಹಿಡಿದು, ಉಸಿರು ತೆಗೆದುಕೊಂಡು ನಾಲ್ಕನೆಯದು ಹತ್ತುತ್ತಿದ್ದರು. ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುತ್ತೆ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ವರದಿಗಳು 1940ರ ದಶಕದಲ್ಲಿ ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದಲೇ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸೈನೈಡ್ ದಿಬ್ಬಗಳು ಇನ್ನೂ ಇವೆ, ಗಾಳಿ ಜೋರಾದ ದಿನ ಆ ಬೂದುಬಣ್ಣದ ಪುಡಿ ಮನೆಯೊಳಗೆ ಬರುತ್ತೆ ಅಂತ ಅಲ್ಲಿಂದ ರೈಲಿನಲ್ಲಿ ಬರುವ ನಮ್ಮ ಗೆಳೆಯರು ಹೇಳ್ತಾರೆ.

ಬೆಲ್ಟಿನ ಧೂಳು ಅದೇ ಧೂಳಲ್ಲ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ಇವತ್ತಿನ ಬೆಲ್ಟಿನಲ್ಲಿರೋದು ಅಲ್ಯುಮಿನಾ, ಜಿರ್ಕೋನಿಯಾ ಥರದ ಕಣಗಳು, ಬೆಣಚು ಅಲ್ಲ. ಆದರೆ ಸ್ಟೇನ್‌ಲೆಸ್ ಉಜ್ಜಿದರೆ ಕ್ರೋಮಿಯಂ, ನಿಕ್ಕಲ್ ಇರುವ ಪುಡಿ ಏಳುತ್ತೆ. ಹಿಡಿಗೆ ಹಾಕುವ ಗಾಜುನಾರಿನ ಹಲಗೆ, ಮರ, ಮೂಳೆ ಎಲ್ಲವೂ ಎದೆಗೆ ಕೆಟ್ಟದ್ದು. ಇಂಗ್ಲೆಂಡಿನ ಶೆಫೀಲ್ಡ್ ಚಾಕುವಿಗೆ ಜಗತ್ಪ್ರಸಿದ್ಧ. 19ನೇ ಶತಮಾನದಲ್ಲಿ ಅಲ್ಲಿ ಮರಳುಕಲ್ಲಿನ ಚಕ್ರದ ಮುಂದೆ ಕೂತು ಸಾಣೆ ಹಿಡಿಯುತ್ತಿದ್ದವರು ಬಹಳ ಮಂದಿ ಚಿಕ್ಕ ವಯಸ್ಸಿಗೇ ಸತ್ತರು. ಕಾಯಿಲೆಗೆ ‘ಗ್ರೈಂಡರನ ಉಬ್ಬಸ’ ಅಂತಲೇ ಹೆಸರು. ನೀರು ಹಾಕದೆ ಒಣಗಿದ ಕಲ್ಲಿನಲ್ಲಿ ಉಜ್ಜುತ್ತಿದ್ದವರ ಗತಿ ಇನ್ನೂ ಕೆಟ್ಟದಾಗಿತ್ತು. ಚಿನ್ನ ತೆಗೆದ ಊರಿಗೂ ಚಾಕು ಮಾಡಿದ ಊರಿಗೂ ಒಂದೇ ಪಾಠ. ಆ ಪಾಠವನ್ನು ಅಜ್ಜಂದಿರು ಉಸಿರು ಕೊಟ್ಟು ಕಲಿತರು, ನಾವು ಲಿಸ್ಟಿನ ಕೊನೆಯ ಸಾಲಿನಲ್ಲಿ ಬರೆದಿದ್ದೆವು.

ಹಾಗಾಗಿ ನಮ್ಮ ಹೊಸ ಲಿಸ್ಟ್ ಹೀಗೆ ಶುರುವಾಗುತ್ತೆ. ಒಂದು, ಬೆಲ್ಟಿನ ಕೆಳಗೆ, ಕಿಡಿ ಬೀಳುವ ನೇರಕ್ಕೆ ನೀರು ತುಂಬಿದ ತಗಡಿನ ತೊಟ್ಟಿ. ಎರಡು, ಅದರ ಹಿಂದಿನಿಂದ ಗಾಳಿ ಎಳೆದು ಹೊರಗೆ ಬಿಡುವ ಬ್ಲೋವರ್, ತಗಡಿನ ಪೈಪು, ಪ್ಲಾಸ್ಟಿಕ್ ಬೇಡ. ಮೂರು, ಪ್ರತಿಯೊಬ್ಬರಿಗೂ ಮುಖಕ್ಕೆ ಸರಿಯಾಗಿ ಕೂರುವ, ಫಿಲ್ಟರ್ ಬದಲಿಸಬಹುದಾದ ಅರ್ಧಮುಖದ ರೆಸ್ಪಿರೇಟರ್. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ. ಗಡ್ಡ ಇದ್ದರೆ ರೆಸ್ಪಿರೇಟರ್ ಅಂಟಲ್ಲ, ಗಡ್ಡದ ಹೀರೋಗಳು ಯೋಚಿಸಿ. ನಾಲ್ಕು, ಕನ್ನಡಕ, ಕಿವಿಗೆ ಮಫ್. ಐದು, ಒಂದು ಬೋರ್ಡು: ‘ಇಲ್ಲಿ ಅಲ್ಯುಮಿನಿಯಂ ಉಜ್ಜಬಾರದು.’ ಅಲ್ಯುಮಿನಿಯಂ ಪುಡಿ ಮತ್ತು ತುಕ್ಕಿನ ಪುಡಿ ಒಟ್ಟಿಗೆ ಸೇರಿ ಕಿಡಿ ಬಿದ್ದರೆ ಅದು ಥರ್ಮೈಟ್, ಪಾಠದಲ್ಲಿ ಓದಿದ್ದೇವೆ. ಮರದ ಪುಡಿ ತುಂಬಿದ ಚೀಲಕ್ಕೆ ಸ್ಟೀಲಿನ ಕಿಡಿ ಹೋದರೂ ಬೆಂಕಿಯೇ.

ಇದೆಲ್ಲ ಆದಮೇಲೆ ದುಡ್ಡು ಉಳಿದರೆ ಮೋಟಾರ್. ಉಳಿಯದಿದ್ದರೆ? ಒಂದು ಸೆಮಿಸ್ಟರ್ ಅರ ಹಿಡಿದು ಕೂರೋಣ. ಅರದಿಂದಲೂ ಚಾಕು ಆಗುತ್ತೆ, ನಿಧಾನವಾಗಿ ಆಗುತ್ತೆ, ಅದರ ಪುಡಿ ಹಾರಲ್ಲ, ಬೆಂಚಿನ ಮೇಲೆ ಬೀಳುತ್ತೆ. ಧೂಳಿಗೆ ವ್ಯವಸ್ಥೆ ಇಲ್ಲದ ಗ್ರೈಂಡರಿಗಿಂತ ಅರ ವಾಸಿ ಅನ್ನೋದು ನಮ್ಮ ಗಟ್ಟಿ ಅಭಿಪ್ರಾಯ. ಇದನ್ನು ಒಪ್ಪದವರು ಕ್ಲಾಸಿನಲ್ಲೇ ಇದ್ದಾರೆ. ‘ದಿನಕ್ಕೆ ಅರ್ಧ ಗಂಟೆ ಓಡಿಸೋ ಯಂತ್ರಕ್ಕೆ ಇಷ್ಟೆಲ್ಲ ಯಾಕೆ’ ಅಂತಾರೆ. ನಮಗೆ ಅರ್ಧ ಗಂಟೆ, ಇನ್‌ಸ್ಟ್ರಕ್ಟರಿಗೆ ಪ್ರತಿ ಬ್ಯಾಚಿನ ಅರ್ಧರ್ಧ ಗಂಟೆ ಸೇರಿ ಒಂದು ಜೀವಮಾನ. ನಾವು ಪಾಸಾಗಿ ಹೋಗ್ತೀವಿ, ಅವರು ಅದೇ ಶೆಡ್ಡಿನಲ್ಲಿ ಇರ್ತಾರೆ.

ಕಾನೂನಿನ ಒಂದು ಸಾಲು ಹೇಳದಿದ್ದರೆ ಲೇಖನ ಪೂರ್ತಿಯಾಗಲ್ಲ. ಶಸ್ತ್ರಾಸ್ತ್ರ ನಿಯಮಗಳು ಕಣ್ಣಿಡೋದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮೇಲೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಅಂತಲೇ ರೂಪಿಸಿದ ಸಾಧನಗಳು ಅದರಿಂದ ಹೊರಗೆ. ಈಳಿಗೆಯೂ ಕುಡುಗೋಲೂ ಈ ಕಡೆ, ಸಿನಿಮಾ ಕತ್ತಿ ಆ ಕಡೆ. ನಾವು ಈ ಕಡೆಯೇ ಇರೋಣ. ಮಾಡಿದ ಚಾಕು ವರ್ಕ್‌ಶಾಪಿನ ಬೀರುವಿನಲ್ಲಿ ಇರಲಿ, ಹಾಸ್ಟೆಲ್ಲಿನ ಬ್ಯಾಗಿನಲ್ಲಿ ಅಲ್ಲ.

ತಿರುಗಿಸಿ ಬರೆದ ಲಿಸ್ಟನ್ನು ಮೊನ್ನೆ ಇನ್‌ಸ್ಟ್ರಕ್ಟರಿಗೆ ಕೊಟ್ಟೆವು. ಓದಿದರು, ಪೆನ್ನು ತೆಗೆದರು, ಬ್ಲೋವರ್ ಪಕ್ಕದಲ್ಲಿ ‘ನಮ್ಮ ಹಳೇ ಫೋರ್ಜಿನದು ಇದೆ, ರಿಪೇರಿ ಮಾಡಿ’ ಅಂತ ಬರೆದು ವಾಪಸ್ ಕೊಟ್ಟರು. ಶನಿವಾರ ಮಧ್ಯಾಹ್ನ ಅದನ್ನು ಬಿಚ್ಚುತ್ತೇವೆ. ಎಲೆಕ್ಟ್ರಿಕಲ್ ಬ್ರಾಂಚಿನವರು ಯಾರಾದರೂ ಬಂದರೆ ಒಳ್ಳೆಯದು, ಸ್ಟಾರ್-ಡೆಲ್ಟಾ ವಿಷಯದಲ್ಲಿ ನಮಗೆ ಇನ್ನೂ ಸ್ವಲ್ಪ ಭಯ ಇದೆ. ಮನೆಯಲ್ಲಿ ಮೊಂಡಾದ ಈಳಿಗೆ, ಕುಡುಗೋಲು ಇದ್ದರೆ ಪೇಪರಿನಲ್ಲಿ ಸುತ್ತಿ ತನ್ನಿ. ಮೊದಲ ಸಾಣೆ ಅದಕ್ಕೇ.